‘ಹೊಡೆಸಿಕೊಂಡೆ’ ಎಂಬ ಕ್ರಿಯಾಪದ

ಬೆಂಗಳೂರಿನ ಶ್ರೀನಗರದಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಮೇಲಿನ ಮಹಡಿಯಲ್ಲಿ ನನ್ನ ಎರಡು ಕೋಣೆಗಳು. ಹದಿಮೂರು ವರ್ಷಗಳಿಂದ ಅಲ್ಲಿಯೇ ಕೂತು, ಹೆಚ್ಚಾಗಿ ಹಿಂಸೆ ಉಂಡ ಹೆಂಗಸರಿಗೆ, ಮಾತಿನ ಮೂಲಕ ಮಾನಸಿಕ ಚಿಕಿತ್ಸೆ ಕೊಡುವ ಕೆಲಸ ಮಾಡುತ್ತಿದ್ದೇನೆ. ಬಾಡಿಗೆಗೆ ಹಿಡಿಯುವಾಗ ಗಿರಣಿಯ ಸದ್ದನ್ನೇ ನೆಪ ಮಾಡಿ ಮಾಲೀಕರ ಹತ್ತಿರ ಐನೂರು ರೂಪಾಯಿ ಇಳಿಸಿಕೊಂಡಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಆ ಸದ್ದೇ ನನ್ನ ಕೆಲಸದ ದೊಡ್ಡ ಆಸ್ತಿ ಎಂದು ತಿಳಿಯಿತು. ಒಳಗೆ ಆಡಿದ ಮಾತು ಮೆಟ್ಟಿಲ ಬಳಿ ಕಾಯುವವರಿಗೆ ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, “ಗಿರಣಿಗೆ ಹೋಗಿ ಬರುತ್ತೇನೆ” ಎಂದು ಹೇಳಿ ಮನೆಯಿಂದ ಹೊರಡಬಹುದು. ಯಾವ ಅತ್ತೆಯೂ ಅದಕ್ಕೆ ಕೊಂಕು ತೆಗೆಯುವುದಿಲ್ಲ. ರಾಗಿಯ ಡಬ್ಬವನ್ನು ಕೆಳಗೆ ಕೊಟ್ಟು, ಮೇಲೆ ಬಂದು ಐವತ್ತು ನಿಮಿಷ ಕೂತು, ಇಳಿದು ಹೋಗಿ ಬೆಚ್ಚಗಿನ ಹಿಟ್ಟು ಹಿಡಿದುಕೊಂಡು ಮನೆ ಸೇರುವ ಹೆಂಗಸರು ವಾರಕ್ಕೆ ನಾಲ್ಕೈದು ಮಂದಿ ಇದ್ದಾರೆ. ಗಿರಣಿಯ ಯಜಮಾನರಿಗೆ ವಿಷಯ ಗೊತ್ತು. ಗೊತ್ತಿದೆ ಎಂದು ಅವರು ಒಮ್ಮೆಯೂ ತೋರಿಸಿಕೊಂಡಿಲ್ಲ. ಅಂಥವರ ಡಬ್ಬವನ್ನು ಸರದಿಯಲ್ಲಿ ಸುಮ್ಮನೆ ಹಿಂದಕ್ಕೆ ಸರಿಸಿಡುತ್ತಾರೆ, ಅಷ್ಟೇ.

ಇಲ್ಲಿ ಬರುವ ಹೆಂಗಸರ ಊರು, ವಯಸ್ಸು, ಕೆಲಸಗಳನ್ನು ಬದಲಾಯಿಸಿದ್ದೇನೆ. ಕೆಲವು ಕಡೆ ಇಬ್ಬರ ಮಾತನ್ನು ಒಬ್ಬರ ಬಾಯಿಗೆ ಹಾಕಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ.

ಈ ಕೆಲಸಕ್ಕೆ ಬರುವುದು ಹೇಗೆ ಎಂದು ಕೇಳುವ ಹುಡುಗಿಯರಿಗೆ ಕಾಗದದ ಮೇಲಿನ ದಾರಿ ಹೇಳುವುದು ಸುಲಭ. ಮನಶ್ಶಾಸ್ತ್ರದಲ್ಲಿ ಪದವಿ, ಸ್ನಾತಕೋತ್ತರ ಪದವಿ, ಆಮೇಲೆ ಎರಡು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಕಲಿಯುವ ಎಂ.ಫಿಲ್., ಕೊನೆಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಪರಿಷತ್ತಿನ 1992ರ ಕಾಯ್ದೆಯ ಪ್ರಕಾರ ಆ ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಫಲಕ ಹಾಕಿಕೊಳ್ಳುವಂತಿಲ್ಲ. ಈಚೆಗೆ ಎಂ.ಫಿಲ್. ಪದವಿಯ ಸ್ವರೂಪವೇ ಬದಲಾಗುತ್ತಿದೆ. ಸೇರುವ ಮುನ್ನ ಆ ವರ್ಷದ ನಿಯಮ ನೋಡಿಕೊಳ್ಳಿ, ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕಾಲೇಜಿನವರನ್ನು ಕೇಳಿ, ಉತ್ತರ ತಡವರಿಸಿ ಬಂದರೆ ಎದ್ದು ಬನ್ನಿ. ಸ್ತ್ರೀವಾದಿ ಚಿಕಿತ್ಸೆ ಎಂಬ ಹೆಸರಿನ ಪತ್ರಿಕೆ ನಾನು ಓದುವಾಗ ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ. ಅದನ್ನು ನಾನು ಕಲಿತದ್ದು ಸುಟ್ಟಗಾಯಗಳ ವಾರ್ಡಿನಲ್ಲಿ, ಅದೂ ತಪ್ಪು ಮಾಡಿ.

ನಾನು ಹಾಸನ ಜಿಲ್ಲೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುವಾಗ ಮನಸ್ಸಿನ ಬಗ್ಗೆ ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ನನಗೆ ಸಿಕ್ಕಿದ್ದು ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರು ಜನಸಾಮಾನ್ಯರಿಗಾಗಿ ಬರೆಯುತ್ತಿದ್ದ ಪುಸ್ತಕಗಳು. ‘ಖಿನ್ನತೆ’ ಎಂಬ ಮಾತನ್ನು ನಾನು ಮೊದಲು ಓದಿದ್ದು ಊರಿನ ಗ್ರಂಥಾಲಯದಲ್ಲಿ ಅವರ ಪುಸ್ತಕವೊಂದರಲ್ಲೇ. ಹೀಗೆ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಕೇಳುವ ಅಭ್ಯಾಸದೊಂದಿಗೆ, ಈ ಶತಮಾನದ ಆರಂಭದಲ್ಲಿ, ನಗರದ ಒಂದು ದೊಡ್ಡ ಆಸ್ಪತ್ರೆಗೆ ಕೆಲಸಕ್ಕೆ ಸೇರಿದೆ.

ಸುಟ್ಟಗಾಯಗಳ ವಾರ್ಡಿಗೆ ನನ್ನನ್ನು ಕಳುಹಿಸುತ್ತಿದ್ದದ್ದು ವಾರಕ್ಕೆ ಎರಡು ದಿನ. ಹಾಸಿಗೆಯ ಮೇಲಿದ್ದವರಲ್ಲಿ ಹೆಚ್ಚಿನವರು ಮದುವೆಯಾಗಿ ಏಳು ವರ್ಷ ತುಂಬದ ಹೆಂಗಸರು. ಕೇಸ್ ಶೀಟಿನಲ್ಲಿ ಮತ್ತೆ ಮತ್ತೆ ಒಂದೇ ವಾಕ್ಯ: ಅಡುಗೆ ಮಾಡುವಾಗ ಸ್ಟೌ ಸಿಡಿಯಿತು. ಬೆಂಗಳೂರಿನಲ್ಲಿ 1979ರಲ್ಲಿ ಆರಂಭವಾದ ವಿಮೋಚನಾ ಎಂಬ ಮಹಿಳಾ ಸಂಘಟನೆಯ ಕಾರ್ಯಕರ್ತೆಯರು ತೊಂಬತ್ತರ ದಶಕದಲ್ಲೇ ಈ ‘ಸ್ಟೌ ಸಿಡಿತ’ಗಳ ಬೆನ್ನು ಹತ್ತಿ, ಅಪಘಾತವೆಂದು ಮುಚ್ಚಿದ ಕಡತಗಳನ್ನು ತೆರೆಸಲು ಹೆಣಗಿದ್ದರು. ನನಗೆ ಅದು ಯಾವುದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ರೋಗನಿರ್ಣಯದ ಕೈಪಿಡಿ. ಇಪ್ಪತ್ಮೂರರ ಹೆಣ್ಣುಮಗಳೊಬ್ಬಳು, ಎದೆಯಿಂದ ಕೆಳಗೆ ಸುಟ್ಟವಳು, ನಿದ್ದೆ ಬರುವುದಿಲ್ಲ, ಗಂಡನ ಮನೆಯವರು ನೋಡಲು ಬಂದರೆ ನಡುಗುತ್ತೇನೆ ಎಂದಳು. ನಾನು ಬರೆದ ರೋಗದ ಹೆಸರನ್ನು ಕನ್ನಡಕ್ಕೆ ತಂದರೆ ‘ಹೊಂದಾಣಿಕೆಯ ತೊಂದರೆ’ ಎಂದಾಗುತ್ತದೆ. ಕೈಪಿಡಿಯಲ್ಲಿ ಅದು ಇದೆ, ಲಕ್ಷಣಗಳೂ ಹೊಂದುತ್ತಿದ್ದವು. ಮರುದಿನ ಅವಳ ತಾಯಿ ಬಂದು, “ಡಾಕ್ಟರಮ್ಮ, ಚೀಟಿಯಲ್ಲಿ ಏನು ಬರೆದಿದ್ದೀರಿ?” ಎಂದು ಕೇಳಿದರು. ಕನ್ನಡದಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಅದನ್ನೇ ಹೇಳಿ ಕಳಿಸಿದೆವು ತಾಯಿ, ಹೊಂದಿಕೊಂಡು ಹೋಗು ಅಂತ” ಎಂದರು.

ಆ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಾನೂ ಅವರೂ ಒಂದೇ ಮಾತು ಹೇಳಿದ್ದೆವು ಎಂಬ ಸಮಾಧಾನವೇ ಅದರಲ್ಲಿ ಇತ್ತು ಎಂದು ಕಾಣುತ್ತದೆ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಂದ ಮುಂದೆ ಓದಿಕೊಂಡದ್ದು ಬಹಳ. ಅಮೆರಿಕದಲ್ಲಿ 1970ರಲ್ಲಿ ಇಂಗೆ ಬ್ರೋವರ್‌ಮನ್ ಮತ್ತು ಸಂಗಡಿಗರು ಚಿಕಿತ್ಸಕರನ್ನೇ ಕೇಳಿ ನೋಡಿದ್ದರು: ಮಾನಸಿಕವಾಗಿ ಆರೋಗ್ಯವಂತ ಗಂಡಸು ಹೇಗಿರುತ್ತಾನೆ, ಹೆಂಗಸು ಹೇಗಿರುತ್ತಾಳೆ, ವಯಸ್ಕ ವ್ಯಕ್ತಿ ಹೇಗಿರುತ್ತಾರೆ? ಆರೋಗ್ಯವಂತ ಗಂಡಸಿನ ಗುಣಗಳೂ ಆರೋಗ್ಯವಂತ ವಯಸ್ಕರ ಗುಣಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಆರೋಗ್ಯವಂತ ಹೆಂಗಸಿನ ಪಟ್ಟಿ ಬೇರೆ ಇತ್ತು: ವಿಧೇಯಳು, ಬೇಗ ಮನಸ್ಸಿಗೆ ಹಚ್ಚಿಕೊಳ್ಳುವವಳು. ಅಂದರೆ ಹೆಂಗಸು ‘ಆರೋಗ್ಯವಂತೆ’ ಆಗಬೇಕಾದರೆ ವಯಸ್ಕಳಾಗಬಾರದು! 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಅಮೆರಿಕದ ಕೈಪಿಡಿಗೆ ಸೇರಿದ್ದು ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಹೋರಾಟದ ಬಲದಿಂದ. ಆಗ ಆಘಾತ ಎಂದರೆ ಮನುಷ್ಯರ ಮಾಮೂಲಿ ಅನುಭವದ ಆಚೆಗಿನ ಘಟನೆ ಎಂದು ಬರೆದಿದ್ದರು. ಯಾರ ಮಾಮೂಲಿ ಅನುಭವ ಎಂದು ಸ್ತ್ರೀವಾದಿ ಚಿಕಿತ್ಸಕಿ ಲಾರಾ ಬ್ರೌನ್ ಕೇಳಿದರು. ಆ ಮಾತನ್ನು 1994ರ ಆವೃತ್ತಿಯಲ್ಲಿ ಕೈಬಿಟ್ಟರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ, ಇದು ದೇಶದಲ್ಲೇ ಹೆಚ್ಚು. ಲಾರಾ ಬ್ರೌನ್ ಪ್ರಶ್ನೆಯನ್ನು ಹಿಡಿದು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಆದರೆ ಪುಸ್ತಕ ಓದಿ ತಿಳಿದದ್ದಕ್ಕಿಂತ ಹೆಚ್ಚಿನದನ್ನು ನನಗೆ ಕಲಿಸಿದ್ದು ಕನ್ನಡದ ವ್ಯಾಕರಣ. ಹೀಗೆ ಹೇಳಿದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ.

ನಮ್ಮ ಭಾಷೆಯಲ್ಲಿ ಏಟನ್ನು ತಿನ್ನುತ್ತಾರೆ. “ಏಟು ತಿಂದೆ”, “ಪೆಟ್ಟು ತಿಂದೆ”. ಇನ್ನೂ ಒಂದು ಇದೆ: “ಹೊಡೆಸಿಕೊಂಡೆ”, “ಬೈಸಿಕೊಂಡೆ”. ಕೂದಲು ಕತ್ತರಿಸಿಕೊಂಡೆ, ಬಟ್ಟೆ ಹೊಲಿಸಿಕೊಂಡೆ ಎನ್ನುವ ಹಾಗೆಯೇ. ವಾಕ್ಯದ ಕರ್ತೃಪದ ‘ನಾನು’. ಹೊಡೆದವನು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ವರ್ಷಗಟ್ಟಲೆ ನಾನು ಇದನ್ನು ಕೇಳಿಯೂ ಕೇಳಿಸಿಕೊಂಡಿರಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಒಂದು ದಿನ, “ಮೊನ್ನೆ ಮತ್ತೆ ಹೊಡೆಸಿಕೊಂಡೆ ಮೇಡಂ” ಎಂದಾಗ, ಏನು ಹೊಳೆಯಿತೋ, “ಯಾರು ಹೊಡೆದರು?” ಎಂದು ಕೇಳಿದೆ. ಗೊತ್ತಿರುವ ಸಂಗತಿಯೇ. ಆಕೆ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿ, “ನಮ್ಮ ಯಜಮಾನರು ಹೊಡೆದರು” ಎಂದರು. ಹೇಳಿ ಆ ವಾಕ್ಯವನ್ನು ತಾವೇ ಕೇಳಿಸಿಕೊಂಡವರಂತೆ ಕೂತರು. ಕೆಳಗೆ ಗಿರಣಿ ತಿರುಗುತ್ತಿತ್ತು. “ಹೌದು, ಅವರೇ ಹೊಡೆದದ್ದು” ಎಂದು ಇನ್ನೊಮ್ಮೆ ಹೇಳಿದರು.

ನಾಲ್ಕು ತಿಂಗಳ ನಂತರ ಒಂದು ಭಾನುವಾರ, ಮಾತಿನ ನಡುವೆ, ಅದೇ ಬಾಯಿಂದ “ಅವನು ಹೊಡೆದ” ಎಂದು ಬಂತು. ‘ಅವರು’ ಹೋಗಿ ‘ಅವನು’. ಅದು ಇಂಗ್ಲಿಷಿನಲ್ಲಿ ನಡೆಯಲು ಸಾಧ್ಯವೇ ಇಲ್ಲದ ಘಟನೆ. ಅಂದು ನಾನು ಕಡತದಲ್ಲಿ ಬರೆದುಕೊಂಡದ್ದು ಆ ಒಂದೇ ಸಾಲು. ಎಲ್ಲರೂ ಈ ದಾರಿಯಲ್ಲೇ ಬರುತ್ತಾರೆ ಎಂದಲ್ಲ. ಗಂಡನನ್ನು ಕೊನೆಯವರೆಗೂ ‘ಅವರು’ ಎನ್ನುತ್ತಲೇ ನ್ಯಾಯಾಲಯದಿಂದ ರಕ್ಷಣಾ ಆದೇಶ ತಂದುಕೊಂಡವರೂ ನನ್ನ ಹತ್ತಿರ ಇದ್ದಾರೆ. ಬಹುವಚನ ಗೌರವಕ್ಕೋ ಭಯಕ್ಕೋ ಅಭ್ಯಾಸಕ್ಕೋ ಎಂದು ಹೇಳಬೇಕಾದವರು ಅವರು.

ಇದು ನನಗೆ ಹೇಗೆ ಗೊತ್ತು ಎಂದರೆ, ಅವರಿಗಿಂತ ಮೊದಲು ನಾನೇ ‘ಅವನು’ ಎಂದು ಒಬ್ಬರನ್ನು ಕಳೆದುಕೊಂಡಿದ್ದೇನೆ. ಸಿಟ್ಟು ನನ್ನದಾಗಿತ್ತು. ಅವರ ಗಂಡ ಮಾಡಿದ್ದನ್ನು ಕೇಳಿ ತಡೆಯಲಾರದೆ “ಅವನು ಹಾಗೆ ಮಾಡಬಾರದಿತ್ತು” ಎಂದುಬಿಟ್ಟೆ. ಆಕೆಯ ಮುಖ ಮುಚ್ಚಿಕೊಂಡಿತು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅವರ ಮನೆಯೊಳಗಿನ ಮಾತನ್ನು ನಾನು ಚಪ್ಪಲಿ ಹಾಕಿಕೊಂಡು ತುಳಿದಂತಾಗಿತ್ತು. ಸ್ತ್ರೀವಾದಿ ಚಿಕಿತ್ಸೆ ಎಂದರೆ ಗಂಡಸರನ್ನು ಬೈಯುವುದು ಎಂದುಕೊಂಡು ಬರುವ ತರಬೇತಿಯ ಹುಡುಗಿಯರಿಗೆ ಈ ಕಥೆಯನ್ನು ಮೊದಲ ದಿನವೇ ಹೇಳುತ್ತೇನೆ. (ನನ್ನಲ್ಲಿಗೆ ಗಂಡಸರೂ ಬರುತ್ತಾರೆ. ಅಮ್ಮ ಏಟು ತಿನ್ನುವುದನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿ ಬೆಳೆದವರು.)

ಹಾಗಾದರೆ ಸ್ತ್ರೀವಾದಿ ಚಿಕಿತ್ಸೆ ಎಂದರೆ ಏನು? ಮೈಯಲ್ಲಿ, ಮನಸ್ಸಿನಲ್ಲಿ ಇರುವ ಸಂಕಟವನ್ನು ಆ ಮನುಷ್ಯಳ ಒಳಗಿನ ಕೊರತೆ ಎಂದು ಓದುವ ಮೊದಲು, ಯಾರ ಕೈಯಲ್ಲಿ ಅಧಿಕಾರ ಇತ್ತು ಎಂದು ನೋಡುವುದು. ಕಷ್ಟದ ಭಾಗ ಎಂದರೆ, ಅದೇ ಪ್ರಶ್ನೆಯನ್ನು ನನ್ನ ಕೋಣೆಯೊಳಗೂ ಕೇಳಬೇಕು. ಎತ್ತರದ ಕುರ್ಚಿಯಲ್ಲಿ ಯಾರು ಕೂತಿದ್ದಾರೆ? ಕಡತ ಯಾರ ಕೈಯಲ್ಲಿದೆ? ಯಾರು ಯಾರನ್ನು ‘ನೀನು’ ಎನ್ನುತ್ತಾರೆ? ನಾನು ಎಲ್ಲರನ್ನೂ ‘ನೀವು’ ಎನ್ನುತ್ತೇನೆ. ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ಹಾಗೆ ಹೇಳಿದಾಗ ಅವಳು ಹಿಂದೆ ತಿರುಗಿ ಬಾಗಿಲ ಕಡೆ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂದು.

ಇಷ್ಟೆಲ್ಲ ಜಾಗ್ರತೆ ಇದ್ದೂ ಲೋಟದ ವಿಷಯದಲ್ಲಿ ನಾನು ಸಿಕ್ಕಿಬಿದ್ದೆ. ಮೊದಲ ಎರಡು ವರ್ಷ ಬಂದವರಿಗೆಲ್ಲ ಕಾಗದದ ಲೋಟದಲ್ಲಿ ನೀರು ಕೊಡುತ್ತಿದ್ದೆ. ತೊಳೆಯುವ ಕೆಲಸ ಉಳಿಯುತ್ತದೆ ಎನ್ನುವುದು ನನ್ನ ಲೆಕ್ಕ. ನನ್ನದು ಮನೆಯಿಂದ ತಂದ ಸ್ಟೀಲಿನ ಲೋಟ. ಪೌರಕಾರ್ಮಿಕರಾಗಿದ್ದ ಒಬ್ಬಾಕೆ ಐದಾರು ವಾರ ಬಂದ ಮೇಲೆ, ತಮ್ಮ ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತ ಕೇಳಿದರು: “ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ಈ ಲೋಟ ನನಗೆ ಮಾತ್ರವೇ, ಎಲ್ಲರಿಗೂ ಹೀಗೆಯೇ?” ಎಲ್ಲರಿಗೂ ಹೀಗೆಯೇ ಎಂದೆ. ನಿಜವೇ ಹೇಳಿದ್ದೆ. “ನಿಮ್ಮದು ಬೇರೆ ಇದೆಯಲ್ಲ” ಎಂದರು.

ನಾನು ಹುಟ್ಟಿದ ಜಾತಿ ಯಾವುದು, ಅವರದು ಯಾವುದು ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಅಜ್ಜಿಗೆ ಊರ ಹೋಟೆಲಿನಲ್ಲಿ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಡುತ್ತಿದ್ದರಂತೆ. ಅದನ್ನು ಆ ದಿನ ಹೇಳಿದರು. ಐದು ವಾರ ಗಂಡನ ಬಗ್ಗೆ, ಮೇಸ್ತ್ರಿಯ ಬಗ್ಗೆ ಮಾತಾಡಿದ್ದವರು ಆರನೆಯ ವಾರ ನನ್ನ ಬಗ್ಗೆ ಮಾತಾಡಿದರು. ಕ್ಷಮೆ ಕೇಳಿದೆ. ಎಷ್ಟು ದಿನದಿಂದ ಮನಸ್ಸಿನಲ್ಲಿತ್ತು ಎಂದು ಕೇಳಿದೆ. “ಮೊದಲನೆಯ ದಿನದಿಂದ” ಎಂದರು. ಅಂದರೆ ಐದು ವಾರ ಆ ಲೋಟವನ್ನು ಎದುರಿಗೆ ಇಟ್ಟುಕೊಂಡೇ ತಮ್ಮ ಕಥೆ ಹೇಳಿದ್ದರು. ಸಂಜೆ ಗಾಂಧಿ ಬಜಾರಿಗೆ ಹೋಗಿ ಒಂದೇ ಬಗೆಯ ಒಂದು ಡಜನ್ ಸ್ಟೀಲ್ ಲೋಟ ತಂದೆ. ಈಗ ಯಾರು ಯಾವುದರಲ್ಲಿ ಕುಡಿದರು ಎಂದು ನನಗೂ ಗೊತ್ತಾಗುವುದಿಲ್ಲ. ಲೋಟ ತಂದದ್ದರಿಂದ ಎಲ್ಲ ಸರಿಹೋಯಿತು ಎಂದು ನಾನು ತಿಳಿದಿಲ್ಲ. ಆಕೆಯೂ ಹಾಗೆ ಹೇಳಲಿಲ್ಲ. ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹಣದ ವಿಷಯವನ್ನೂ ಅವರೇ ಇತ್ಯರ್ಥ ಮಾಡಿದರು. ಪುಕ್ಕಟೆ ಬನ್ನಿ ಎಂದಿದ್ದೆ. “ಪುಕ್ಕಟೆಯಾದರೆ ನಿಮ್ಮ ಮೇಲೆ ಸಿಟ್ಟು ಬಂದಾಗ ಬೈಯುವುದು ಹೇಗೆ?” ಎಂದು ವಾರಕ್ಕೆ ಐವತ್ತು ರೂಪಾಯಿ ಗೊತ್ತುಮಾಡಿಕೊಂಡರು. ಆಮೇಲೆ ನಾನು ಯಾರಿಗೂ ಪುಕ್ಕಟೆ ಎಂದಿಲ್ಲ. ಐವತ್ತರಿಂದ ಸಾವಿರದ ಐನೂರರವರೆಗೆ ಒಂದು ಪಟ್ಟಿ ಗೋಡೆಯ ಮೇಲಿದೆ, ಬಂದವರೇ ಬೆರಳಿಟ್ಟು ತೋರಿಸುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರಲ್ಲೂ ಕೆಲವರು ಐವತ್ತರ ಮೇಲೆ ಬೆರಳಿಡುತ್ತಾರೆ. ಸಂಬಳದ ಕಾರ್ಡು ಗಂಡನ ಕೈಯಲ್ಲಿದೆ ಎಂದು ಅದರ ಅರ್ಥ.

ಆಘಾತದ ಚಿಕಿತ್ಸೆಯ ಬಗ್ಗೆ ಒಂದಿಷ್ಟು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಮೂರು ಹಂತಗಳನ್ನು ಹೇಳಿದರು: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಮತ್ತೆ ಜನರೊಂದಿಗೆ ಬೆಸೆದುಕೊಳ್ಳುವುದು. ಹೊಸಬರಿಗೆ ಎರಡನೆಯದರ ಮೇಲೆ ಕಣ್ಣು. ಕಥೆ ಹೊರಗೆ ಬಂದರೆ, ಅತ್ತುಬಿಟ್ಟರೆ ಹಗುರಾಗುತ್ತದೆ ಎಂಬ ನಂಬಿಕೆ ನನಗೂ ಇತ್ತು. ನನ್ನ ಮೊದಲ ವರ್ಷಗಳಲ್ಲಿ ಒಬ್ಬರಿಗೆ, ತರಬೇತಿಯಲ್ಲಿ ಕಲಿತ ಹಾಗೆಯೇ, ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಿ ಎಂದೆ. ಎರಡು ನಿಮಿಷಕ್ಕೆ ಅವರ ಕೈ ಸೆಟೆದುಕೊಂಡಿತು, ಉಸಿರು ಸಿಕ್ಕಿಕೊಂಡಿತು. ಕಣ್ಣು ಮುಚ್ಚಿ ಅಲುಗಾಡದೆ ಮಲಗು ಎಂದು ಬಾಲ್ಯದಲ್ಲಿ ಒಬ್ಬ ನೆಂಟ ಹೇಳುತ್ತಿದ್ದನಂತೆ. ಆ ಹೊತ್ತಿನಲ್ಲಿ ಬರುವುದು ನೆನಪಲ್ಲ, ಆ ಘಟನೆಯೇ. ಅಪಾಯವನ್ನು ಸಾರುವ ಮಿದುಳಿನ ಭಾಗಕ್ಕೆ ತಾರೀಖು ಗೊತ್ತಿರುವುದಿಲ್ಲ. ಅಂದಿನಿಂದ ನನ್ನ ಕೋಣೆಯಲ್ಲಿ ಯಾರೂ ಕಣ್ಣು ಮುಚ್ಚಬೇಕಾಗಿಲ್ಲ. ಮೇಜಿನ ಮೇಲೆ ಒಂದು ಮೊರ, ಅದರಲ್ಲಿ ಅರ್ಧ ಸೇರು ಅಕ್ಕಿ, ಪಕ್ಕದಲ್ಲಿ ಕಾಫಿಪುಡಿಯ ಡಬ್ಬಿ ಇರುತ್ತದೆ. ಮಾತು ಬಿಗಿಯಾದಾಗ ಅಕ್ಕಿ ಆರಿಸುತ್ತಾರೆ. ಬೆರಳಿಗೆ ಕೆಲಸ, ಕಣ್ಣಿಗೆ ಗುರಿ. ಕಲ್ಲು ಸಿಕ್ಕಿದರೆ ನನಗೆ ತೋರಿಸುತ್ತಾರೆ. ತುಂಬ ದೂರ ಹೋಗಿಬಿಟ್ಟರೆ ಕಾಫಿಪುಡಿಯ ವಾಸನೆ ವಾಪಸ್ಸು ಕರೆದು ತರುತ್ತದೆ. ನೋಡಲು ಬಂದ ಒಬ್ಬ ಹಿರಿಯ ವೈದ್ಯರು, “ಇದೇನು ಕ್ಲಿನಿಕ್ಕೋ ಅಡುಗೆಮನೆಯೋ?” ಎಂದು ನಕ್ಕರು.

ಮೊದಲ ಹಂತವೇ ಇಲ್ಲಿ ಒಂದು ವರ್ಷ ಹಿಡಿಯುತ್ತದೆ. ಸುರಕ್ಷತೆ ಎಂದರೆ ಬೆಂಗಳೂರಿನಲ್ಲಿ ಪಡಿತರ ಚೀಟಿ, ಆಧಾರ್, ಮಕ್ಕಳ ಅಂಕಪಟ್ಟಿ, ಒಡವೆಯ ರಸೀದಿ, ಇವುಗಳ ಫೋಟೊ ಮೊಬೈಲಿನಲ್ಲಿ ಅಲ್ಲದೆ ಬೇರೆ ಕಡೆ ಇರುವುದು. ಪಕ್ಕದ ಮನೆಯಲ್ಲಿ ಒಂದು ಜೊತೆ ಬಟ್ಟೆ ಇರುವುದು. ಬಿಟ್ಟು ಹೋಗುತ್ತೇನೆ ಎಂದು ಹೇಳಿದ ಹೊತ್ತೇ ಅತ್ಯಂತ ಅಪಾಯದ ಹೊತ್ತು ಎಂದು ತಿಳಿದಿರುವುದು. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯಲ್ಲಿ, ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಆ ಮನೆಯಲ್ಲಿ ಉಳಿಯುವ ಹಕ್ಕು ಇದೆ ಎಂದು ಗೊತ್ತಿರುವುದು. ಇದರಲ್ಲಿ ಮನೋವಿಜ್ಞಾನ ಎಲ್ಲಿದೆ ಎಂದು ಕೇಳುವವರಿದ್ದಾರೆ. ರಾತ್ರಿ ಎಲ್ಲಿ ಮಲಗುತ್ತೇನೆ ಎಂದು ಗೊತ್ತಿಲ್ಲದವಳ ನಿದ್ರಾಹೀನತೆಗೆ ಬೇರೆ ಯಾವ ಚಿಕಿತ್ಸೆ ಇದೆಯೋ ನನಗೆ ತಿಳಿಯದು.

ಒಂದು ಬದಲಾವಣೆಯನ್ನು ನಾನು ಯಾವ ಮನೋವಿಜ್ಞಾನದ ಪುಸ್ತಕದಲ್ಲೂ ಓದಿರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಉಚಿತವಾದ ಮೇಲೆ, ಮಧ್ಯದಲ್ಲಿ ನಿಲ್ಲಿಸಿದ್ದ ಕೆಲವರು ಮರಳಿ ಬಂದರು. ಪೀಣ್ಯದಿಂದ, ಬೊಮ್ಮನಹಳ್ಳಿಯಿಂದ ಎರಡು ಬಸ್ ಬದಲಾಯಿಸಿ. ಅವರಲ್ಲಿ ಒಬ್ಬರು ಹೇಳಿದ್ದು: “ಮೊದಲು ಟಿಕೆಟ್ಟಿನ ದುಡ್ಡು ಕೇಳಬೇಕಿತ್ತು, ಕೇಳಿದರೆ ಎಲ್ಲಿಗೆ ಎಂದು ಹೇಳಬೇಕಿತ್ತು.” ಅವರು ಬಾರದೆ ಉಳಿದದ್ದನ್ನು ನಾನು ಕಡತದಲ್ಲಿ ‘ಚಿಕಿತ್ಸೆಗೆ ಆಸಕ್ತಿ ಕಡಿಮೆ’ ಎಂದು ಬರೆದಿಟ್ಟಿದ್ದೆ. ಹೊಡೆದುಹಾಕಿ, ‘ಬಸ್ ಚಾರ್ಜ್’ ಎಂದು ತಿದ್ದಿದೆ.

ಕಡತದಲ್ಲಿ ಏನು ಬರೆಯಬೇಕು ಎನ್ನುವುದು ಈ ಕೆಲಸದಲ್ಲಿ ಸಣ್ಣ ಸಂಗತಿಯಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಆಧಾರ. ನನ್ನ ಬರಹ ನಾಳೆ ಗಂಡನ ಪರ ವಕೀಲರ ಕೈ ಸೇರಿ, “ಈಕೆಗೆ ಹುಚ್ಚು, ಮಗುವನ್ನು ಕೊಡಬಾರದು” ಎಂಬ ವಾದವಾಗಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೆಯ ಪ್ರಕರಣ ಗೋಪ್ಯತೆಯ ಹಕ್ಕು ಕೊಟ್ಟಿದೆ. ನನಗೆ ಅದಕ್ಕಿಂತ ಪ್ರಿಯವಾದದ್ದು 3ನೆಯ ಪ್ರಕರಣ. ತನ್ನ ಸಮುದಾಯದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದಿಕೊಳ್ಳದಿರುವುದನ್ನು ಆಧಾರವಾಗಿಟ್ಟುಕೊಂಡು ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದು ನಿರ್ಧರಿಸುವಂತಿಲ್ಲ ಎಂದು ಅದು ಹೇಳುತ್ತದೆ. ಹೊಂದಿಕೊಳ್ಳದಿರುವುದು ಕಾಯಿಲೆಯಲ್ಲ! ಆ ಸಾಲನ್ನು ಓದಿದಾಗ ವಾರ್ಡಿನ ಆ ತಾಯಿ ನೆನಪಾದರು. ಈಗ ಬರೆದದ್ದನ್ನೆಲ್ಲ ಎದುರಿಗಿದ್ದವರಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ತಿದ್ದಿ ಎಂದರೆ ತಿದ್ದುತ್ತೇನೆ. ಗೋಪ್ಯತೆಗೆ ಒಂದು ಮಿತಿ ಇದೆ ಎಂದು ಮೊದಲ ದಿನವೇ ಹೇಳುತ್ತೇನೆ: ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ನಾನು ವರದಿ ಮಾಡಲೇಬೇಕು. ಅದನ್ನು ಕೇಳಿ ಮಾತು ನುಂಗಿಕೊಂಡು ಎದ್ದುಹೋದವರಿದ್ದಾರೆ. ಅವರ ಹಿಂದೆ ಯಾವ ಮಗು ಇತ್ತೋ ಎಂದು ಯೋಚಿಸುತ್ತ ಎಷ್ಟೋ ಸಂಜೆ ಕೂತಿದ್ದೇನೆ. ಈ ಗಂಟನ್ನು ಬಿಡಿಸುವ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ವರದಿಯ ಮಾತು ಬಂದದ್ದಕ್ಕೆ ಇನ್ನೊಂದು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ, ಕಚೇರಿಯೊಂದರ ಆಂತರಿಕ ದೂರು ಸಮಿತಿಯ ಮುಂದೆ ಒಬ್ಬ ಹುಡುಗಿಯನ್ನು ಎಲ್ಲರೂ ಕೇಳಿದ ಪ್ರಶ್ನೆ: ಕೂಗಿಕೊಳ್ಳಲಿಲ್ಲವೇಕೆ? ಓಡಲಿಲ್ಲವೇಕೆ? ಅವಳು ನನಗೆ ಹೇಳಿದ್ದು “ಮೈ ಮರಗಟ್ಟಿತು” ಎಂದು. ಅಪಾಯದ ಮುಂದೆ ಹೋರಾಡುವುದು, ಓಡುವುದು ಇರುವ ಹಾಗೆಯೇ ದೇಹ ಸ್ತಬ್ಧವಾಗುವುದೂ ಇದೆ, ಅದು ಇಚ್ಛೆಯ ಮಾತಲ್ಲ ಎಂದು ನಾನು ಎರಡು ಪುಟ ಬರೆದುಕೊಟ್ಟೆ. ಸಮಿತಿಯ ಹಿರಿಯ ಸದಸ್ಯೆಯೊಬ್ಬರಿಗೆ ಆ ಎರಡು ಪುಟಕ್ಕಿಂತ ‘ಮರಗಟ್ಟಿತು’ ಎಂಬ ಪದವೇ ತಲುಪಿತು. ಮರ ಓಡುತ್ತದೆಯೇ ಎಂದು ಅವರೇ ಉಳಿದವರನ್ನು ಕೇಳಿದರಂತೆ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಗಿರಣಿಯ ನೆಪವೂ ಇಲ್ಲವಾಯಿತು. ಫೋನಿನಲ್ಲಿ ಕೆಲಸ. ಹೊಡೆಯುವವರು ಪಕ್ಕದ ಕೋಣೆಯಲ್ಲೇ. ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಗೆ ಹೋಗಿ ಹತ್ತು ನಿಮಿಷ ಮಾತಾಡುತ್ತಿದ್ದರು. ಯಾರಾದರೂ ಮೇಲೆ ಬಂದರೆ “ಹೂಂ, ಇಡ್ಲಿ ಅಕ್ಕಿ ಎಷ್ಟು ಹಾಕಬೇಕು?” ಎನ್ನುವುದು ನಮ್ಮ ಗುರುತಿನ ಮಾತು. ನಾನು ಅಳತೆ ಹೇಳಬೇಕು. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎನ್ನುವುದು ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ದನಿಯೊಂದೇ ಮನೆಯೊಳಗೆ ಹೋಗಬಲ್ಲದು. ನನ್ನ ಮನೆಯವರು ಮಾತ್ರ, ಇವಳು ಎಲ್ಲರಿಗೂ ಇಡ್ಲಿ ಮಾಡುವುದನ್ನು ಏಕೆ ಕಲಿಸುತ್ತಿದ್ದಾಳೆ ಎಂದುಕೊಂಡಿದ್ದರು.

ಈ ಸಂಕಟ ಕೇಳುವವರಿಗೂ ಅಂಟಿಕೊಳ್ಳುತ್ತದೆ. ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಯಾವುದೇ ಗಂಡಸನ್ನು ಕಂಡರೂ ನನಗೆ ಅನುಮಾನ ಬರತೊಡಗಿದಾಗ, ಇದು ನನ್ನ ಕಣ್ಣಲ್ಲ ಎಂದು ಅರ್ಥವಾಯಿತು. ದಿನಕ್ಕೆ ನಾಲ್ಕು ಜನರಿಗಿಂತ ಹೆಚ್ಚು ನೋಡುವುದನ್ನು ಬಿಟ್ಟೆ. ನಾವು ಮೂವರು ಚಿಕಿತ್ಸಕಿಯರು ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೆ ಸೇರುತ್ತೇವೆ. ಯಾರು ಯಾವ ತಪ್ಪು ಮಾಡಿದೆವು ಎನ್ನುವುದೇ ಅಲ್ಲಿನ ವಿಷಯ. ಆಮೇಲೆ ದೋಸೆ.

ಮೊನ್ನೆ ಯುಗಾದಿಯ ಹೊತ್ತಿಗೆ ಗಿರಣಿಯ ಯಜಮಾನರು ಮೇಲೆ ಬಂದು, ಕಟ್ಟಡವನ್ನು ಮಕ್ಕಳು ಬಿಲ್ಡರಿಗೆ ಕೊಡುತ್ತಿದ್ದಾರೆ, ಡಿಸೆಂಬರಿನೊಳಗೆ ಖಾಲಿ ಮಾಡಬೇಕು ಎಂದರು. ಬಾಗಿಲಲ್ಲೇ ನಿಂತು, “ನಿಮ್ಮವರಿಗೆ ತೊಂದರೆಯಾಯಿತು” ಎಂದರು. ಹದಿಮೂರು ವರ್ಷದಲ್ಲಿ ಆ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು.

ಈಗ ಕೋಣೆ ಹುಡುಕುತ್ತಿದ್ದೇನೆ. ಬ್ರೋಕರ್ ಒಬ್ಬರು ಒಳ್ಳೆಯ ಮನುಷ್ಯ. ಮನಸ್ಸಿನ ಡಾಕ್ಟರು ಎಂದು ತಿಳಿದು ನಿಶ್ಶಬ್ದವಾದ ಮನೆಗಳನ್ನೇ ಆರಿಸಿ ಆರಿಸಿ ತೋರಿಸಿದರು. ಮರದ ನೆರಳು, ಹಕ್ಕಿಯ ದನಿ, ಗೇಟಿನಲ್ಲಿ ಕಾವಲುಗಾರ, ಬರುವವರ ಹೆಸರು ಬರೆದುಕೊಳ್ಳುವ ಪುಸ್ತಕ. ಆ ಪುಸ್ತಕ ನೋಡಿಯೇ ಬೇಡ ಎಂದೆ. ನನಗೆ ಸದ್ದು ಬೇಕು, ಕೆಳಗೆ ಹೆಂಗಸರು ದಿನಾ ಬರುವ ಯಾವುದಾದರೂ ಅಂಗಡಿ ಬೇಕು, ಬಸ್ ನಿಲ್ದಾಣ ಹತ್ತಿರವಿರಬೇಕು ಎಂದು ವಿವರಿಸಿದಾಗ ಅವರು ತಲೆ ಕೆರೆದುಕೊಂಡರು. ನಿನ್ನೆ ರಾತ್ರಿ ಸಂದೇಶ ಕಳುಹಿಸಿದ್ದಾರೆ: ಹನುಮಂತನಗರ, ಮೊದಲ ಮಹಡಿ, ಕೆಳಗೆ ಸೀರೆಗೆ ಫಾಲ್ಸ್ ಹಾಕಿ ಕುಚ್ಚು ಕಟ್ಟುವ ಅಂಗಡಿ, ಆರು ಮಿಷನ್ ಒಟ್ಟಿಗೆ ಓಡುತ್ತವೆ. ಎರಡು ಲಕ್ಷ ಅಡ್ವಾನ್ಸ್ ಕೇಳುತ್ತಿದ್ದಾರೆ. ಸದ್ದು ಬಹಳ ಇದೆ ಎಂದು ನೆಪ ಹೇಳಿ ಒಂದೂವರೆಗೆ ಇಳಿಸಬಹುದೇ ನೋಡಬೇಕು.